ಹರಪನಹಳ್ಳಿ ಎಂದು ಹುಡುಕಿದರೆ ಯಾಕೆ ಸಿಗುತ್ತಿಲ್ಲ?

ಪ್ರಶ್ನೆ: ಸರ್, ನಾನು ದಾವಣಗೆರೆಯ ಒಂದು ಪದವಿ ಕಾಲೇಜಿನಲ್ಲಿ ಗ್ರಂಥಪಾಲಕಿ. ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್ ತಂಡದ ಭೇಟಿಗೆ ಮುಂಚೆ ಹಳೇ ಕಾಲೇಜು ಮ್ಯಾಗಜೀನ್, ಗ್ರೂಪ್ ಫೋಟೋ, ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿ, ಹಿರಿಯರೊಬ್ಬರು ಕೊಟ್ಟ ನಾಟಕದ ಹ್ಯಾಂಡ್‌ಬಿಲ್‌ಗಳು ಎಲ್ಲ ಸೇರಿ 2,400 ಫೈಲ್ ಸ್ಕ್ಯಾನ್ ಮಾಡಿಸಿದೆವು. ನಾಲ್ಕು ಜನ ವಿದ್ಯಾರ್ಥಿಗಳು ಎಕ್ಸೆಲ್‌ನಲ್ಲಿ ವಿವರ ಟೈಪ್ ಮಾಡಿಕೊಟ್ಟರು. ಅದನ್ನೇ ಡಿಸ್ಪೇಸ್ ಅನ್ನುವ ಡಿಜಿಟಲ್ ಲೈಬ್ರರಿ ಸಾಫ್ಟ್‌ವೇರ್‌ಗೆ ಏರಿಸಿದ್ದೇವೆ. ಈಗ ಹರಪನಹಳ್ಳಿ ಅಂತ ಹುಡುಕಿದರೆ ಆರೇ ಬರುತ್ತವೆ. ಇನ್ನೂ ಎಷ್ಟೋ ಇವೆ, ನಾನೇ ಕೈಯಾರೆ ಜೋಡಿಸಿಟ್ಟಿದ್ದೇನೆ. ಬೇರೆ ಸಾಫ್ಟ್‌ವೇರ್ ತಗೊಳ್ಳಿ ಅಂತ ಕೆಲವರು ಹೇಳುತ್ತಾರೆ. ಎಲ್ಲಿಂದ ಸರಿ ಮಾಡಲಿ? ಲೈಬ್ರರಿಯಲ್ಲಿ ಇರುವುದು ನಾನು, ಒಬ್ಬ ಅಟೆಂಡರ್, ಅಷ್ಟೇ.

ಉತ್ತರ:

ಮೇಡಂ, ಸಾಫ್ಟ್‌ವೇರ್‌ಗೆ ದುಡ್ಡು ಹಾಕಬೇಡಿ. ಡಿಸ್ಪೇಸ್ 2002ರಲ್ಲಿ ಎಂಐಟಿ ಲೈಬ್ರರಿ ಮತ್ತು ಎಚ್‌ಪಿ ಕಂಪನಿ ಸೇರಿ ಹೊರತಂದ ಉಚಿತ ಸಾಫ್ಟ್‌ವೇರ್. ನಿಮ್ಮ 2,400 ಫೈಲ್ ಅದಕ್ಕೆ ಏನೂ ಅಲ್ಲ. ಬೇರೆಯದನ್ನು ತಂದರೂ ಇದೇ ಎಕ್ಸೆಲ್ ಅದಕ್ಕೂ ಹೋಗುತ್ತದೆ, ಅಲ್ಲೂ ಇದೇ ಆರು ಬರುತ್ತವೆ. ತೊಂದರೆ ಇರುವುದು ನೀವು ಕೊಟ್ಟ ವಿವರದಲ್ಲಿ, ಅಂದರೆ ಮೆಟಾಡೇಟಾದಲ್ಲಿ. ನಾಲ್ಕು ಜನ ನಾಲ್ಕು ಥರ ಬರೆದಿದ್ದಾರೆ. ಅದು ಆ ಮಕ್ಕಳ ತಪ್ಪಲ್ಲ. ಹೀಗೆ ಬರೆಯಿರಿ ಅಂತ ಅವರ ಕೈಗೆ ಯಾರೂ ಒಂದು ಹಾಳೆ ಕೊಟ್ಟಿರಲಿಲ್ಲ.

ಇವತ್ತೇ ಒಂದು ಕೆಲಸ ಮಾಡಿ. ಎಕ್ಸೆಲ್‌ನ ಒಂದು ಕಾಪಿ ಮಾಡಿಕೊಂಡು, ಊರಿನ ಕಾಲಂ ಹಿಡಿದು ಅಕ್ಷರದ ಸಾಲಿನಲ್ಲಿ ಜೋಡಿಸಿ. ನಿಧಾನಕ್ಕೆ ಕೆಳಗೆ ಬನ್ನಿ. ಹರಪನಹಳ್ಳಿ, ಹರಪ್ಪನಹಳ್ಳಿ, ಹ.ಹಳ್ಳಿ, ಹರಪನಹಳ್ಳಿ ತಾ., ಇಂಗ್ಲಿಷ್ ಅಕ್ಷರದಲ್ಲಿ ಎರಡು ಸ್ಪೆಲ್ಲಿಂಗ್, ಎಲ್ಲವೂ ಬೇರೆ ಬೇರೆ ಕಡೆ ಕೂತಿರುತ್ತವೆ. ಕೆಲವು ಸಾಲಿನಲ್ಲಿ ಬರೀ "ದಾವಣಗೆರೆ ಜಿಲ್ಲೆ" ಅಂತ ಇರುತ್ತದೆ. ಮನುಷ್ಯರಿಗೆ ಇವೆಲ್ಲ ಒಂದೇ ಊರು. ಕಂಪ್ಯೂಟರ್‌ಗೆ ಇವು ಆರೇಳು ಊರು.

ಹರಪನಹಳ್ಳಿಯ ಕಥೆ ಇನ್ನೂ ಸ್ವಲ್ಪ ಉದ್ದವಿದೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು. ಹರಪನಹಳ್ಳಿ ಬಳ್ಳಾರಿಯಿಂದ ಬಂತು. 2018ರಲ್ಲಿ ಅದು ವಾಪಸ್ ಬಳ್ಳಾರಿಗೆ ಹೋಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಅದಕ್ಕೆ ಸೇರಿತು. ಹಾಗಾದರೆ 1985ರ ಒಂದು ಮ್ಯಾಗಜೀನ್ ಲೇಖನ, 2005ರ ಒಂದು ಪ್ರಾಜೆಕ್ಟ್ ವರದಿ, ಮೊನ್ನೆ ತೆಗೆದ ಒಂದು ಫೋಟೋ, ಈ ಮೂರಕ್ಕೂ ಊರು ಒಂದೇ, ಜಿಲ್ಲೆ ಬೇರೆ ಬೇರೆ. ಹಾಳೆಯ ಮೇಲೆ ಏನಿದೆಯೋ ಅದನ್ನೇ ಮಕ್ಕಳು ಟೈಪ್ ಮಾಡಿರುತ್ತಾರೆ. ದಾವಣಗೆರೆಯದ್ದೂ ಅಷ್ಟೇ. 1970ರ ಸುಮಾರಿನ ಯಾವ ಕಾಗದ ತೆಗೆದರೂ "ಚಿತ್ರದುರ್ಗ ಜಿಲ್ಲೆ" ಅಂತಲೇ ಇರುತ್ತದೆ. ಇನ್ನೂ ಹಿಂದಕ್ಕೆ ಹೋದರೆ ಚಿತ್ರದುರ್ಗವೇ ಇಂಗ್ಲಿಷ್‌ನಲ್ಲಿ ಚಿತಲ್‌ಡ್ರೂಗ್. ಬಿ.ಎಲ್. ರೈಸ್ 1903ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕ ಅನ್ನುವ ಶಾಸನ ಸಂಗ್ರಹದ 11ನೇ ಸಂಪುಟದ ಮೇಲೆ ಇರುವುದು ಅದೇ ಹೆಸರು.

ಇದಕ್ಕೆ ನಾನು ಮಾಡುವುದು ಇಷ್ಟು. ಊರು, ತಾಲ್ಲೂಕು ಒಂದು ಕಾಲಂ. ಜಿಲ್ಲೆ ಇನ್ನೊಂದು ಕಾಲಂ. ಜಿಲ್ಲೆಯ ಕಾಲಂನಲ್ಲಿ ಇವತ್ತಿನ ಜಿಲ್ಲೆ ಬರೆಯುತ್ತೇನೆ, ಯಾಕಂದರೆ ಹುಡುಕುವವರು ಇವತ್ತಿನವರು. ಹಾಳೆಯ ಮೇಲೆ ಹಳೇ ಜಿಲ್ಲೆ ಅಚ್ಚಾಗಿದ್ದರೆ ಅದನ್ನು ಅಳಿಸುವುದಿಲ್ಲ, ವಿವರಣೆಯಲ್ಲಿ ಇದ್ದ ಹಾಗೇ ಇಡುತ್ತೇನೆ. ಊರಿನ ಹೆಸರಿಗೆ ಬೇರೆ ಒಂದು ಪಟ್ಟಿ. ಮೊದಲ ಕಾಲಂನಲ್ಲಿ ನಾವು ಒಪ್ಪಿಕೊಂಡ ರೂಪ, ಪಕ್ಕದಲ್ಲಿ ಬಂದಿರುವ ಬೇರೆ ರೂಪಗಳು. ನಿಮ್ಮ ಸಂಗ್ರಹಕ್ಕೆ 150 ಊರು ಆದರೆ ಜಾಸ್ತಿ. ಒಂದು ವಾರದ ಕೆಲಸ.

ಇನ್ನು ಕಣ್ಣಿಗೆ ಕಾಣದ ತೊಂದರೆ. ಇದೇ ನಮ್ಮನ್ನು ಹೆಚ್ಚು ಸತಾಯಿಸುವುದು. ಈ ಎರಡು ಪದ ನೋಡಿ: ರಂಗಭೂಮಿ, ರ೦ಗಭೂಮಿ. ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡದ ಸೊನ್ನೆ ಅಂಕಿ. ಎರಡೂ ದುಂಡಗೆ ಇವೆ, ಓದುವವರಿಗೆ ವ್ಯತ್ಯಾಸವೇ ಗೊತ್ತಾಗಲ್ಲ. ಆದರೆ ಒಂದನ್ನು ಹುಡುಕಿದರೆ ಇನ್ನೊಂದು ಬರಲ್ಲ. ನಾನು ಒಮ್ಮೆ ಇಡೀ ಮಧ್ಯಾಹ್ನ "ಸಂಘ" ಅನ್ನುವ ಪದ ಯಾಕೆ ಸಿಗುತ್ತಿಲ್ಲ ಅಂತ ತಲೆ ಕೆಡಿಸಿಕೊಂಡು ಕೂತಿದ್ದೆ. ಕೊನೆಗೆ ಅಕ್ಷರ ಅಕ್ಷರವಾಗಿ ಕಾಪಿ ಮಾಡಿ ನೋಡಿದಾಗ ಸೊನ್ನೆ ಸಿಕ್ಕಿತು. ಟೈಪ್ ಮಾಡಿದವರು ಅನುಸ್ವಾರದ ಕೀ ಗೊತ್ತಿಲ್ಲದೆ ಸೊನ್ನೆ ಒತ್ತಿದ್ದರು.

ಅದೇ ಥರ ಇನ್ನೂ ಮೂರು ಇವೆ. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಪರದೆಯ ಮೇಲೆ ಕನ್ನಡದಂತೆ ಕಾಣುತ್ತದೆ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು. ಫಾಂಟ್ ಬದಲಿಸಿದ ಕೂಡಲೇ ಬಣ್ಣ ಬಯಲಾಗುತ್ತದೆ. ಅದನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತಕ್ಕೆ, ಪರಿವರ್ತಕದಿಂದ ಬದಲಿಸಲೇಬೇಕು, ಆಮೇಲೆ ಒಂದು ಸಲ ಕಣ್ಣಲ್ಲಿ ಓದಬೇಕು. ಎರಡನೆಯದು, "ಹ್ಯಾಂಡ್‌ಬಿಲ್" ಥರದ ಪದದಲ್ಲಿ ಡ್ ಮತ್ತು ಬಿ ಒತ್ತಾಗದಂತೆ ತಡೆಯುವ ಒಂದು ಕಾಣದ ಚಿಹ್ನೆ ಇರುತ್ತದೆ. ಒಬ್ಬರು ಅದನ್ನು ಹಾಕಿರುತ್ತಾರೆ, ಇನ್ನೊಬ್ಬರು "ಹ್ಯಾಂಡ್ಬಿಲ್" ಅಂತ ಬಿಟ್ಟಿರುತ್ತಾರೆ. ಮೂರನೆಯದು ದೀರ್ಘದ ಗುಣಿತ. "ಕೋ" ಅನ್ನುವ ಅಕ್ಷರದ ಗುಣಿತವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಇಡಬಹುದು, ಎತ್ವ, ಕೊಂಬು, ದೀರ್ಘ ಅಂತ ತುಂಡು ತುಂಡಾಗಿಯೂ ಇಡಬಹುದು. ಇದನ್ನು ಒಂದೇ ರೂಪಕ್ಕೆ ತರುವುದಕ್ಕೆ ನಾರ್ಮಲೈಸೇಶನ್ ಅನ್ನುತ್ತಾರೆ. ಎನ್‌ಎಫ್‌ಸಿ ಅನ್ನುವ ರೂಪ ಆರಿಸಿಕೊಂಡರೆ ಸಾಕು. ನಿಮ್ಮ ಕಾಲೇಜಿನ ಕಂಪ್ಯೂಟರ್ ಸೈನ್ಸ್ ವಿಭಾಗದ ಮೇಷ್ಟ್ರಿಗೆ ಇಷ್ಟು ಹೇಳಿ, ಎಲ್ಲ ಸಾಲಿಗೂ ಒಂದೇ ಸಲ ಮಾಡಿಕೊಡುತ್ತಾರೆ.

ಇದನ್ನೆಲ್ಲ ಹಿಡಿಯಲು ಓಪನ್‌ರಿಫೈನ್ ಅಂತ ಒಂದು ಉಚಿತ ಸಾಧನ ಇದೆ. ಅದರಲ್ಲಿ ಟೆಕ್ಸ್ಟ್ ಫ್ಯಾಸೆಟ್ ಕೊಟ್ಟರೆ ಒಂದು ಕಾಲಂನಲ್ಲಿ ಎಷ್ಟು ಬೇರೆ ಬೇರೆ ರೂಪ ಇವೆ, ಒಂದೊಂದೂ ಎಷ್ಟು ಸಲ ಬಂದಿದೆ ಅಂತ ಪಕ್ಕದಲ್ಲೇ ತೋರಿಸುತ್ತದೆ. "ದಾವಣಗೆರೆ" ಎರಡು ಸಲ ಪಟ್ಟಿಯಲ್ಲಿ ಕಂಡರೆ ಒಂದರಲ್ಲಿ ಏನೋ ಕಾಣದ್ದು ಸೇರಿಕೊಂಡಿದೆ ಅಂತಲೇ ಅರ್ಥ. ಅಲ್ಲೇ ಒಂದು ಕಡೆ ತಿದ್ದಿದರೆ ಅಷ್ಟೂ ಸಾಲು ಸರಿಯಾಗುತ್ತವೆ. ಹತ್ತಿರದ ರೂಪಗಳನ್ನು ತಾನೇ ಗುಂಪು ಮಾಡುವ ಸೌಲಭ್ಯವೂ ಅದರಲ್ಲಿದೆ. ಕನ್ನಡದ ಮಟ್ಟಿಗೆ ಅದನ್ನೇ ಪೂರ್ತಿ ನಂಬಬೇಡಿ. ಬಸವರಾಜ, ಬಸವರಾಜಪ್ಪ ಒಬ್ಬರೇ ಅಂತ ಅದು ಹೇಳಬಹುದು. ಒಪ್ಪುವ ಮುಂಚೆ ನೀವು ನೋಡಬೇಕು.

ಒಂದು ಎಚ್ಚರಿಕೆ, ಇಲ್ಲೇ ಹೇಳಿಬಿಡುತ್ತೇನೆ. ಡಿಸ್ಪೇಸ್‌ನಿಂದ ಮೆಟಾಡೇಟಾವನ್ನು ಸಿಎಸ್‌ವಿ ಅನ್ನುವ, ಬರೀ ಅಕ್ಷರದ ಟೇಬಲ್ ಫೈಲ್ ಆಗಿ ಇಳಿಸಿಕೊಂಡು, ತಿದ್ದಿ, ಮತ್ತೆ ಏರಿಸಬಹುದು. ಆದರೆ ಆ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆಗೆದರೆ ಕನ್ನಡ ಕೆಟ್ಟು ಹೋಗುವ ಸಂಭವ ಜಾಸ್ತಿ. ಅದನ್ನು ಹಾಗೇ ಸೇವ್ ಮಾಡಿ ಏರಿಸಿದರೆ ಇಡೀ ಸಂಗ್ರಹ ಹಾಳು. ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ತೆಗೆಯಿರಿ. ತೆಗೆಯುವಾಗ ಅದೇ ಕೇಳುತ್ತದೆ, ಯುಟಿಎಫ್-8 ಅಂತ ಆರಿಸಿ. ಎಲ್ಲ ಕಾಲಂಗೂ ಟೆಕ್ಸ್ಟ್ ಅಂತಲೇ ಕೊಡಿ. ಇಳಿಸಿಕೊಂಡ ಮೂಲ ಫೈಲ್‌ನ ಒಂದು ಕಾಪಿ ಮುಟ್ಟದೆ ಪಕ್ಕಕ್ಕೆ ಇಡಿ. ಮೊದಲು ಹತ್ತು ಸಾಲು ಮಾತ್ರ ಏರಿಸಿ ನೋಡಿ, ಆಮೇಲೆ ಉಳಿದದ್ದು.

ಊರಿನಷ್ಟೇ ಕಷ್ಟ ಜನರ ಹೆಸರು. ಡಿಸ್ಪೇಸ್ ಫಾರಂನಲ್ಲಿ ಲಾಸ್ಟ್ ನೇಮ್, ಫಸ್ಟ್ ನೇಮ್ ಅಂತ ಎರಡು ಖಾನೆ ಇವೆ. ನಮ್ಮ ಕಡೆ ಎಷ್ಟೋ ಹೆಸರಿಗೆ ಲಾಸ್ಟ್ ನೇಮ್ ಅನ್ನುವುದೇ ಇಲ್ಲ. ಮುಂದೆ ಊರು, ಆಮೇಲೆ ತಂದೆಯ ಹೆಸರು, ಕೊನೆಗೆ ಅವರ ಹೆಸರು. ಚಳ್ಳಕೆರೆ ತಾಲ್ಲೂಕಿನ ತಳುಕನ್ನೇ ತಗೊಳ್ಳಿ. ಸಾಹಿತಿಗಳಾದ ಟಿ.ಎಸ್. ವೆಂಕಣ್ಣಯ್ಯ, ತ.ಸು. ಶಾಮರಾಯ ಅಣ್ಣತಮ್ಮಂದಿರು. ತ.ರಾ.ಸು. ಅದೇ ಮನೆತನದವರು. ಒಬ್ಬರಲ್ಲಿ ತಳುಕು "ಟಿ." ಆಗಿದೆ, ಇಬ್ಬರಲ್ಲಿ "ತ." ಆಗಿದೆ. ತ.ರಾ.ಸು. ಅವರನ್ನು ಒಬ್ಬ ವಿದ್ಯಾರ್ಥಿ ತರಾಸು ಅಂತ ಬರೆಯುತ್ತಾನೆ, ಇನ್ನೊಬ್ಬಳು ಟಿ.ಆರ್. ಸುಬ್ಬರಾವ್ ಅಂತ, ಮತ್ತೊಬ್ಬ ತ.ರಾ. ಸುಬ್ಬರಾಯ ಅಂತ. ಎಲ್ಲವೂ ಸರಿ. ಯಾವುದೂ ಇನ್ನೊಂದರ ಜೊತೆ ಸೇರಲ್ಲ.

ಇಲ್ಲಿ ಒಂದು ರೂಪ ಆರಿಸಿ, ಬರೆದಿಟ್ಟು, ಅದಕ್ಕೇ ಅಂಟಿಕೊಳ್ಳಬೇಕು. ಲೈಬ್ರರಿ ಶಾಸ್ತ್ರದಲ್ಲಿ ಇದನ್ನು ಅಥಾರಿಟಿ ಫೈಲ್ ಅಂತ ಓದಿರುತ್ತೀರಿ. ನನ್ನ ನಿಯಮ ಹೀಗಿದೆ. ವ್ಯಕ್ತಿಯ ಸ್ವಂತ ಹೆಸರು ಮೊದಲ ಖಾನೆಗೆ, ಇನಿಷಿಯಲ್ ಎರಡನೆಯದಕ್ಕೆ. ಕಾವ್ಯನಾಮದಿಂದಲೇ ಜನ ಗುರುತಿಸುವವರಿಗೆ ಕಾವ್ಯನಾಮವೇ ಮುಖ್ಯ ರೂಪ. ಕನ್ನಡದ ಪುಸ್ತಕ, ಬರಹಕ್ಕೆ ಹೆಸರು ಕನ್ನಡದಲ್ಲೇ. ಇನಿಷಿಯಲ್ ನಡುವೆ ಚುಕ್ಕಿ ಇರಲಿ, ಖಾಲಿ ಜಾಗ ಬೇಡ. ಶ್ರೀ, ಡಾ., ಪ್ರೊ. ಯಾವುದೂ ಹೆಸರಿನ ಖಾನೆಯಲ್ಲಿ ಬೇಡ. ನಿಮಗೆ ಬೇರೆ ನಿಯಮ ಸರಿ ಅನಿಸಿದರೆ ಅದನ್ನೇ ಮಾಡಿ. ಮುಂದಿನ ವರ್ಷ ಬರುವ ವಿದ್ಯಾರ್ಥಿಯೂ ಅದನ್ನೇ ಮಾಡುವಂತೆ ಹಾಳೆಯಲ್ಲಿ ಬರೆದಿಟ್ಟಿದ್ದರೆ ಆಯಿತು.

ದಿನಾಂಕಕ್ಕೆ ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ: 1982-04-03. ಇದು ಅಂತರರಾಷ್ಟ್ರೀಯ ಪದ್ಧತಿ. 03-04-1982 ಅಂತ ಬರೆದರೆ ಏಪ್ರಿಲ್ 3 ಅಂತ ನಾವು ಓದುತ್ತೇವೆ, ಅಮೆರಿಕದ ಲೆಕ್ಕದಲ್ಲಿ ಅದು ಮಾರ್ಚ್ 4. ವರ್ಷ ಮಾತ್ರ ಗೊತ್ತಿದ್ದರೆ ವರ್ಷ ಮಾತ್ರ ಬರೆಯಿರಿ. ಗೊತ್ತಿಲ್ಲದ ತಿಂಗಳಿಗೆ ಸುಮ್ನೆ ಜನವರಿ 1 ಅಂತ ತುಂಬಿಸಬೇಡಿ. ಸಂವತ್ಸರ ಮಾತ್ರ ಇದ್ದರೆ ಇನ್ನೂ ಹುಷಾರಾಗಿರಿ. ಪ್ರಭವ ಅಂದರೆ 1987-88 ಆಗಬಹುದು, 60 ವರ್ಷ ಹಿಂದಿನ 1927-28 ಕೂಡ ಆಗಬಹುದು.

ನಿಮ್ಮ ನಾಟಕದ ಹ್ಯಾಂಡ್‌ಬಿಲ್‌ಗಳ ಬಗ್ಗೆ ನನಗೆ ವಿಶೇಷ ಆಸೆ ಇದೆ. ಕಂಪನಿ ನಾಟಕಕ್ಕೆ ದಾವಣಗೆರೆ ಎಂಥ ಊರು ಅಂತ ನಿಮಗೆ ಹೇಳಬೇಕಾಗಿಲ್ಲ. ಆದರೆ ಹ್ಯಾಂಡ್‌ಬಿಲ್ ಮಾಡಿಸಿದವರಿಗೆ ಅವತ್ತಿನ ಜನ ಬಂದರೆ ಸಾಕಿತ್ತು. ಅದಕ್ಕೇ "ಮೊಕ್ಕಾಂ ದಾವಣಗೆರೆ, ಆಗಸ್ಟ್ 15, ಶುಕ್ರವಾರ, ರಾತ್ರಿ 9-30ಕ್ಕೆ" ಅಂತ ಇರುತ್ತದೆ, ವರ್ಷ ಇರಲ್ಲ. ಮಕ್ಕಳು ದಿನಾಂಕದ ಖಾನೆ ಖಾಲಿ ಬಿಟ್ಟಿರುತ್ತಾರೆ. ಖಾಲಿ ಬಿಡಬೇಕಾಗಿಲ್ಲ. 1950ರಿಂದ 1990ರ ಒಳಗೆ ಆಗಸ್ಟ್ 15 ಶುಕ್ರವಾರ ಬಿದ್ದಿದ್ದು 1952, 1958, 1969, 1975, 1980, 1986ರಲ್ಲಿ ಮಾತ್ರ. ಈಗ ಟಿಕೆಟ್ ದರ ನೋಡಿ. ಆಣೆಯ ಲೆಕ್ಕ ಇದ್ದರೆ 1952ರ ಕಡೆ ತೂಗುತ್ತದೆ, ಯಾಕಂದರೆ 1957ರ ಏಪ್ರಿಲ್‌ನಿಂದ ದಶಮಾಂಶ ನಾಣ್ಯ ಬಂತು. ನಯೇ ಪೈಸೆ ಅಂತ ಇದ್ದರೆ 1958 ಅನ್ನಬಹುದು, "ನಯೇ" ಅನ್ನುವುದು 1964ರಲ್ಲಿ ಹೋಯಿತು. ಕೆಳಗೆ ಅಚ್ಚುಕೂಟದ ವಿಳಾಸ ಓದಿ. ಮೈಸೂರು ರಾಜ್ಯ ಅಂತ ಇದ್ದರೆ 1973ರ ನವೆಂಬರ್‌ಗಿಂತ ಹಿಂದಿನದು ಇರಬೇಕು. 577ರಿಂದ ಶುರುವಾಗುವ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು, ಅಂದರೆ 1975 ಅಥವಾ ಆಮೇಲಿನದು. ಒಂದು ಪುಟ್ಟ ಬಣ್ಣದ ಹಾಳೆ ತನ್ನ ವರ್ಷವನ್ನು ತಾನೇ ಹೇಳುತ್ತದೆ ಮೇಡಂ, ಕೇಳುವವರು ಬೇಕು. ಹೀಗೆ ಊಹಿಸಿದ ವರ್ಷದ ಜೊತೆ ವಿವರಣೆಯಲ್ಲಿ ಕಾರಣ ಬರೆಯಿರಿ: "ವರ್ಷ ಅಚ್ಚಾಗಿಲ್ಲ, ವಾರ ಮತ್ತು ಟಿಕೆಟ್ ದರದಿಂದ ಊಹಿಸಿದ್ದು." ಮುಂದೆ ಯಾರಾದರೂ ಸಂಶೋಧನೆ ಮಾಡುವವರು ಅದನ್ನು ಪರೀಕ್ಷಿಸಬಹುದು.

ಡಿಸ್ಪೇಸ್ ಬಳಸುವುದು ಮೆಟಾಡೇಟಾ ಬರೆಯುವ ಡಬ್ಲಿನ್ ಕೋರ್ ಪದ್ಧತಿ. ಈ ಡಬ್ಲಿನ್ ಐರ್ಲೆಂಡಿನದಲ್ಲ, ಅಮೆರಿಕದ ಓಹಾಯೋ ರಾಜ್ಯದ್ದು. 1995ರಲ್ಲಿ ಅಲ್ಲಿ ನಡೆದ ಸಭೆಯಿಂದ ಇದು ಹುಟ್ಟಿತು. ಮೂಲದಲ್ಲಿ 15 ಅಂಶಗಳು. ನಿಮ್ಮ ಕೈಲಿ 15ನ್ನೂ ತುಂಬಲು ಆಗಲ್ಲ, ಬೇಕಾಗಿಯೂ ಇಲ್ಲ. ಶೀರ್ಷಿಕೆ, ಕರ್ತೃ, ದಿನಾಂಕ, ವಸ್ತುವಿನ ಬಗೆ, ಊರು, ವಿಷಯ, ಭಾಷೆ, ಹಕ್ಕು, ಮೂಲ ವಸ್ತು ಯಾವ ಬೀರುವಿನಲ್ಲಿದೆ ಅನ್ನುವ ಗುರುತು. ಇಷ್ಟು ಸರಿಯಾಗಿದ್ದರೆ ಸಾಕು. ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಸ್ಕ್ಯಾನ್ ಮಸುಕಾಗಿದ್ದರೆ ಮೂಲ ಹುಡುಕಲು ಅಕ್ಸೆಷನ್ ನಂಬರ್, ಅಂದರೆ ಲೈಬ್ರರಿ ರಿಜಿಸ್ಟರ್‌ನಲ್ಲಿ ಆ ವಸ್ತುವಿಗೆ ಕೊಟ್ಟ ಸಂಖ್ಯೆ, ಬೇಕೇ ಬೇಕು, ಅಲ್ವಾ?

ಕನ್ನಡ ಶೀರ್ಷಿಕೆ ಕನ್ನಡದಲ್ಲೇ ಇರಲಿ. ಪರ್ಯಾಯ ಶೀರ್ಷಿಕೆಯ ಖಾನೆಯಲ್ಲಿ ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ, ಮಕ್ಕಳು ಮೊಬೈಲ್‌ನಲ್ಲಿ ಟೈಪ್ ಮಾಡುವ ಹಾಗೆ ಬರೆಯಿರಿ. ಅಕ್ಷರದ ಮೇಲೆ ಗೆರೆ, ಕೆಳಗೆ ಚುಕ್ಕಿ ಹಾಕುವ ವಿದ್ವಾಂಸರ ಲಿಪ್ಯಂತರ ಚೆಂದ, ಆದರೆ ಹುಡುಕುವಾಗ ಯಾರೂ ಹಾಗೆ ಟೈಪ್ ಮಾಡಲ್ಲ.

ವಿಷಯದ ಖಾನೆಗೆ 80 ಪದಗಳ ಒಂದು ಪಟ್ಟಿ ನೀವೇ ಮಾಡಿ. ಕಾಟನ್ ಮಿಲ್, ಹತ್ತಿ ಗಿರಣಿ, ಬಟ್ಟೆ ಗಿರಣಿ ಅಂತ ಮೂರು ಇದ್ದರೆ ದಾವಣಗೆರೆಯ ಗಿರಣಿಗಳ ಚರಿತ್ರೆ ಮೂರು ತುಂಡಾಗುತ್ತದೆ. ಒಂದನ್ನು ಇಟ್ಟುಕೊಳ್ಳಿ. ಪಟ್ಟಿಯಲ್ಲಿ ಇಲ್ಲದ ಪದವನ್ನು ವಿದ್ಯಾರ್ಥಿ ಸೇರಿಸುವಂತಿಲ್ಲ, ನಿಮ್ಮನ್ನು ಕೇಳಬೇಕು.

ಮ್ಯಾಗಜೀನ್ ವಿಷಯದಲ್ಲಿ ನಿಮ್ಮ ಶ್ರಮ ಸ್ವಲ್ಪ ಜಾಸ್ತಿ ಬೇಡುತ್ತೇನೆ. ಈಗ ಒಂದು ಸಂಚಿಕೆಗೆ ಒಂದು ದಾಖಲೆ ಮಾಡಿರುತ್ತೀರಿ. ಆದರೆ ಹಳೇ ವಿದ್ಯಾರ್ಥಿಯೊಬ್ಬರು ಮೊಮ್ಮಗಳ ಕೈ ಹಿಡಿದುಕೊಂಡು ಲೈಬ್ರರಿಗೆ ಬಂದು "ನಾನು ಪಿಯುಸಿಯಲ್ಲಿ ಒಂದು ಪದ್ಯ ಬರೆದಿದ್ದೆ" ಅಂತ ಕೇಳುತ್ತಾರೆ. ಅವರಿಗೆ ವರ್ಷ ಸರಿಯಾಗಿ ನೆನಪಿರಲ್ಲ, ತಮ್ಮ ಹೆಸರು ಗೊತ್ತಿರುತ್ತದೆ. ಪ್ರತಿ ಬರಹಕ್ಕೂ ಬೇರೆ ದಾಖಲೆ ಮಾಡಲು ಆಗದಿದ್ದರೆ, ಪರಿವಿಡಿಯ ಪುಟದಿಂದ ಬರೆದವರ ಹೆಸರು, ಬರಹದ ಹೆಸರು ಅಷ್ಟನ್ನಾದರೂ ಆ ಸಂಚಿಕೆಯ ದಾಖಲೆಯಲ್ಲಿ ಟೈಪ್ ಮಾಡಿಸಿ. ಒಂದು ಸಂಚಿಕೆಗೆ ಅರ್ಧ ಗಂಟೆ ಹಿಡಿಯುತ್ತದೆ.

ಪ್ರಾಜೆಕ್ಟ್ ವರದಿಗಳನ್ನು ಮಾತ್ರ ಈಗಲೇ ಎಲ್ಲರಿಗೂ ತೆರೆದಿಡಬೇಡಿ. ಕೊನೆಯ ಪುಟಗಳಲ್ಲಿ ಸರ್ವೆ ಮಾಡಿದ ಮನೆಯವರ ಹೆಸರು, ಫೋನ್ ನಂಬರ್ ಇರುತ್ತವೆ. ಬರೆದ ವಿದ್ಯಾರ್ಥಿಗೂ ಕಾಪಿರೈಟ್ ಇದೆ, ನಮ್ಮ ಕಾನೂನಿನಲ್ಲಿ ಅದು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಮೆಟಾಡೇಟಾ ಎಲ್ಲರಿಗೂ ಕಾಣಲಿ, ಫೈಲ್ ಲೈಬ್ರರಿಯ ಒಳಗೆ ಮಾತ್ರ ತೆರೆಯಲಿ. ಹಕ್ಕಿನ ಖಾನೆಯಲ್ಲಿ ಅದನ್ನು ಬರೆಯಿರಿ. ಇವು ಶೋಧಗಂಗಾಕ್ಕೂ ಹೋಗಲ್ಲ, ಅದು ಪಿಎಚ್‌ಡಿ ಪ್ರಬಂಧಗಳ ಜಾಗ.

ಯಾವುದರಿಂದ ಶುರು ಮಾಡಲಿ ಅಂದಿರಿ. ಫೋಟೋಗಳಿಂದ. ಯಾಕೆ ಅಂತ ಹೇಳುತ್ತೇನೆ. ನಾನು ಮೊದಲು ಕೆಲಸ ಮಾಡುತ್ತಿದ್ದ ಒಂದು ಕಾಲೇಜಿನಲ್ಲಿ ನಾಟಕ ತಂಡದ ಒಂದು ಗ್ರೂಪ್ ಫೋಟೋ ಇತ್ತು. ಮುಂದೆ ಕುರ್ಚಿಯಲ್ಲಿ ಏಳು ಜನ, ಹಿಂದೆ ಎರಡು ಸಾಲು, ಒಬ್ಬ ಹುಡುಗ ಇನ್ನೂ ಮೀಸೆ ತೆಗೆಯದೆ ವೇಷದಲ್ಲೇ ನಿಂತಿದ್ದ. ಹಿಂಬದಿಯಲ್ಲಿ ಪೆನ್ಸಿಲ್‌ನಿಂದ "ಎಡದಿಂದ ಬಲಕ್ಕೆ" ಅಂತ ಶುರುಮಾಡಿ ಎಲ್ಲರ ಹೆಸರನ್ನೂ ಯಾರೋ ಚಿಕ್ಕದಾಗಿ ಬರೆದಿದ್ದರು. ಸ್ಕ್ಯಾನ್ ಮಾಡಿದವರು ಮುಂಭಾಗ ಮಾತ್ರ ಮಾಡಿದರು. ಶೀರ್ಷಿಕೆ "ಗ್ರೂಪ್ ಫೋಟೋ 14". ಸಮಾರಂಭಕ್ಕೆ ಅಂತ ಮೂಲ ಫೋಟೋವನ್ನು ಗೋಂದು ಹಾಕಿ ರಟ್ಟಿಗೆ ಅಂಟಿಸಿ ಫ್ರೇಮ್ ಹಾಕಿಸಿದರು. ನಾನು ರಜೆ ಮುಗಿಸಿ ಬರುವಷ್ಟರಲ್ಲಿ ಅದು ಗೋಡೆಯ ಮೇಲಿತ್ತು. ರಟ್ಟು ಬಿಡಿಸಲು ನೋಡಿದೆವು, ಕಾಗದವೇ ಕಿತ್ತು ಬಂತು. ಆ ಹುಡುಗ ಯಾರು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.

ಆದ್ದರಿಂದ ನಿಮ್ಮ ಪ್ರತಿ ಫೋಟೋದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿಸಿ, ಖಾಲಿ ಇದ್ದರೂ. ಎರಡೂ ಬದಿ ಒಂದೇ ದಾಖಲೆಯಲ್ಲಿ ಇರಲಿ. ಆಮೇಲೆ ಹತ್ತು ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿ. ನಿವೃತ್ತರಾದ ಹೆಡ್ ಕ್ಲರ್ಕ್, ಆಟದ ಮೇಷ್ಟ್ರು, ಕ್ಯಾಂಟೀನ್ ನಡೆಸುತ್ತಿದ್ದವರು, ಯಾರು ಸಿಗುತ್ತಾರೋ ಅವರನ್ನು ಒಂದು ಶನಿವಾರ ಮಧ್ಯಾಹ್ನ ಕರೆಯಿರಿ. ಚಹಾ ಕೊಡಿ, ಪ್ರಿಂಟ್ ಮುಂದಿಡಿ, ಪಕ್ಕದಲ್ಲಿ ಒಬ್ಬ ವಿದ್ಯಾರ್ಥಿ ಬರೆದುಕೊಳ್ಳಲಿ. ಪ್ರಾಜೆಕ್ಟ್ ವರದಿಗಳನ್ನು ಎರಡು ವರ್ಷ ಬಿಟ್ಟು ತಿದ್ದಿದರೂ ಅವು ಅಲ್ಲೇ ಇರುತ್ತವೆ. ಈ ಜನರ ನೆನಪು ಅಷ್ಟು ದಿನ ಕಾಯಲ್ಲ. ಇಬ್ಬರು ಬೇರೆ ಬೇರೆ ಹೆಸರು ಹೇಳಿದರೆ ಎರಡನ್ನೂ ಬರೆಯಿರಿ. ಯಾರು ಹೇಳಿದರು, ಯಾವ ದಿನ ಹೇಳಿದರು ಅನ್ನುವುದೂ ವಿವರಣೆಯಲ್ಲಿ ಇರಲಿ.

ಅಷ್ಟರಲ್ಲಿ ಹೊಸ ಫೈಲ್ ಏರಿಸುವುದನ್ನು ನಿಲ್ಲಿಸಿ. ಒಂದು 200 ಪುಟದ ನೋಟ್‌ಬುಕ್ ತಗೊಂಡು ಮೊದಲ ಪುಟದಲ್ಲಿ ಊರಿನ ನಿಯಮ, ಎರಡನೆಯದರಲ್ಲಿ ಹೆಸರಿನ ನಿಯಮ, ಮೂರನೆಯದರಲ್ಲಿ ದಿನಾಂಕದ ನಿಯಮ ನಿಮ್ಮ ಕೈಯಲ್ಲೇ ಬರೆಯಿರಿ. ಬದಲಾಯಿಸಿದರೆ ತಾರೀಖು ಹಾಕಿ. ಊರಿನ ಪಟ್ಟಿ ಆದ ಮೇಲೆ ಅದನ್ನೂ, ಎಕ್ಸೆಲ್‌ನ ಮೊದಲ 50 ಸಾಲನ್ನೂ ನನಗೆ ಕಳಿಸಿ. ಕೂತು ನೋಡುತ್ತೇನೆ.